ಎಂಎಲ್ ರಿಸರ್ಚ್ ಇಂಟರ್ನ್‌ಶಿಪ್, ಲ್ಯಾಬ್ ಕೆಲಸ: ಎಲ್ಲಿಂದ ಶುರು ಮಾಡೋದು?

ತುಂಗಾತೀರ

ಇಂಜಿನಿಯರಿಂಗ್ ಆರನೇ ಸೆಮಿಸ್ಟರ್‌ನಲ್ಲಿರುವವರು ಬೆಂಗಳೂರಿನ ಸಂಶೋಧನಾ ಲ್ಯಾಬ್ ಒಂದರಲ್ಲಿ, ಅದರಲ್ಲೂ ಕನ್ನಡದ ಮಾತು-ಬರಹದ ಮೇಲೆ ಕೆಲಸ ನಡೆಯುವ ಕಡೆ, ಎಂಎಲ್ (ಮಷಿನ್ ಲರ್ನಿಂಗ್) ಇಂಟರ್ನ್ ಆಗಿ ಸೇರಬೇಕೆಂದರೆ ಕೈಯಲ್ಲಿ ಏನಿರಬೇಕು? ಪೈಥಾನ್ ಗೊತ್ತು, ಮಾಡೆಲ್‌ಗಳಿಗೆ ತರಬೇತಿ ಕೊಡುವ ಪೈಟಾರ್ಚ್ ಲೈಬ್ರರಿ ಓಡಿಸುವಷ್ಟು ಬರುತ್ತದೆ. ಕೋರ್ಸ್ ಸರ್ಟಿಫಿಕೇಟ್ ಮೂರಿವೆ, ಪೇಪರ್ ಇಲ್ಲ. ಇಂಟರ್ನ್‌ಶಿಪ್ ಸಿಗದಿದ್ದರೆ ಲ್ಯಾಬ್‌ನ ಸರ್ವರ್ ನೋಡಿಕೊಳ್ಳುವಂಥ ಟೆಕ್ನಿಕಲ್ ಕೆಲಸವಾದರೂ ಸರಿ. ಯಾವುದನ್ನು ಮೊದಲು ಹಿಡಿಯಬೇಕು, ಯಾರಿಗೆ ಹೇಗೆ ಬರೆಯಬೇಕು ಅಂತ ಬಿಡಿಸಿ ಹೇಳಿದರೆ ಉಪಕಾರ.

ಮೂರನೇ_ಸೀಡ್

ಸರ್ಟಿಫಿಕೇಟ್ ಪಕ್ಕಕ್ಕಿಡಿ. ನೀವು ಕೊಡುವ ಅಂಕಿಯನ್ನು ನಂಬಬಹುದೇ ಇಲ್ಲವೇ ಅನ್ನೋದೇ ಲ್ಯಾಬ್‌ನವರಿಗೆ ಮುಖ್ಯ. ಇಂಟರ್ನ್ ತಂದ ಫಲಿತಾಂಶವನ್ನು ಪಿಎಚ್‌ಡಿ ವಿದ್ಯಾರ್ಥಿ ಮತ್ತೆ ಮೊದಲಿಂದ ಓಡಿಸಿ ನೋಡಬೇಕಾದರೆ ಇಂಟರ್ನ್ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲ ಆರು ವಾರ ಒಂದೇ ಕೆಲಸ ಮಾಡಿ: ಪ್ರಕಟವಾದ ಒಂದು ಸಣ್ಣ ಫಲಿತಾಂಶವನ್ನು ನೀವೇ ಮರಳಿ ಪಡೆಯಿರಿ, ಎಲ್ಲಿ ಹೊಂದಿತು ಎಲ್ಲಿ ಹೊಂದಲಿಲ್ಲ ಅಂತ ಬರೆದಿಡಿ.

ಶುರು ಮಾಡಲು ಕನ್ನಡ-ಎಂನಿಸ್ಟ್ ಒಳ್ಳೆಯದು. 2019ರಲ್ಲಿ ಬಂದ ಕೈಬರಹದ ಕನ್ನಡ ಅಂಕಿಗಳ ಸಂಗ್ರಹ. 28×28 ಪಿಕ್ಸೆಲ್‌ನ 60,000 ಚಿತ್ರ ತರಬೇತಿಗೆ, 10,000 ಪರೀಕ್ಷೆಗೆ. ಅದರ ಜೊತೆಗೆ ಡಿಗ್-ಎಂನಿಸ್ಟ್ ಅಂತ 10,240 ಚಿತ್ರಗಳ ಇನ್ನೊಂದು ಗುಂಪಿದೆ. ಮೊದಲನೆಯದನ್ನು ಬರೆದವರು ಬೆಂಗಳೂರಿನವರು, ಕನ್ನಡ ಓದು-ಬರಹ ಬಲ್ಲವರು. ಎರಡನೆಯದನ್ನು ಬರೆದವರು ಅಮೆರಿಕದಲ್ಲಿರುವ, ಈ ಅಂಕಿಗಳ ಬಳಕೆ ಇಲ್ಲದವರು. ಮೊದಲನೆಯದರಲ್ಲಿ ಚೆನ್ನಾಗಿ ಓಡಿದ ಮಾಡೆಲ್ ಎರಡನೆಯದಕ್ಕೆ ಬಂದಾಗ ಧೊಪ್ಪನೆ ಬೀಳುತ್ತದೆ. ಕಲಿಯಬೇಕಾದ್ದು ಆ ಬೀಳುವಿಕೆಯಲ್ಲೇ ಇದೆ. ಯಾವ ಅಂಕಿ ಯಾವುದಾಗಿ ತಪ್ಪುತ್ತಿದೆ ಅಂತ 10×10 ಕೋಷ್ಟಕ ಹಾಕಿ. ೩ ಮತ್ತು ೭, ೬ ಮತ್ತು ೯ ಕಡೆಗೆ ಮೊದಲು ಕಣ್ಣು ಹಾಯಿಸಿ, ತಪ್ಪಾದ ಚಿತ್ರಗಳಲ್ಲಿ ಕನಿಷ್ಠ 200ನ್ನು ತೆರೆದು ನೋಡಿ.

ಓಡಿಸುವ ಮುಂಚೆ ಎರಡು ತಪಾಸಣೆ. ಹತ್ತು ವರ್ಗಗಳಿದ್ದರೆ ಇನ್ನೂ ಏನೂ ಕಲಿಯದ ಮಾಡೆಲ್‌ನ ಲಾಸ್, ಅಂದರೆ ಉತ್ತರ ಎಷ್ಟು ತಪ್ಪಿದೆ ಅನ್ನುವ ಅಳತೆ, 2.303ರ ಹತ್ತಿರ ಇರಬೇಕು, ಯಾಕೆಂದರೆ ಅದು 10ರ ಸಹಜ ಲಾಗರಿದಮ್. ಮೊದಲ ಬ್ಯಾಚ್‌ನಲ್ಲೇ (ಒಟ್ಟಿಗೆ ಕೊಡುವ ಚಿತ್ರಗಳ ಗುಂಪು) 6 ಅಥವಾ 9 ಕಂಡರೆ ಆರಂಭಿಕ ತೂಕಗಳೋ (ಕಲಿಯುತ್ತಾ ಬದಲಾಗುವ ಮಾಡೆಲ್‌ನ ಸಂಖ್ಯೆಗಳು) ಇನ್‌ಪುಟ್‌ನ ಅಳತೆಯೋ ಕೆಟ್ಟಿದೆ. 0ರಿಂದ 255ರ ಪಿಕ್ಸೆಲ್ ಬೆಲೆಯನ್ನು ಹಾಗೆಯೇ ಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಎರಡನೆಯದು, 32 ಚಿತ್ರಗಳ ಒಂದೇ ಬ್ಯಾಚ್ ಕೊಟ್ಟು 300 ಸಲ ತಿರುಗಿಸಿ. ಲಾಸ್ ಸೊನ್ನೆಗೆ ಹತ್ತಿರ ಬರಲೇಬೇಕು. ಬರದಿದ್ದರೆ ಕೋಡ್‌ನಲ್ಲಿ ತಪ್ಪಿದೆ, ಡೇಟಾ ಹೆಚ್ಚಿಸಿದರೆ ಅದು ಸರಿಹೋಗುವುದಿಲ್ಲ. ಇನ್ನೊಂದು ಮಾತು: ಚಿತ್ರಗಳಿಗೆ ಎಲ್ಲರೂ ಮಾಡುವ ಎಡ-ಬಲ ಕನ್ನಡಿ ತಿರುವನ್ನು ಅಂಕಿಗಳಿಗೆ ಮಾಡಬೇಡಿ. ಬೆಕ್ಕನ್ನು ತಿರುಗಿಸಿದರೂ ಬೆಕ್ಕೇ, ಅಂಕಿ ಹಾಗಲ್ಲ.

ಇನ್ನು ಅಂಕಿಯ ಲೆಕ್ಕ. 10,000 ಪರೀಕ್ಷಾ ಚಿತ್ರಗಳಲ್ಲಿ 97% ಬಂದರೆ, ಬರೀ ಮಾದರಿಯ ಏರುಪೇರಿನಿಂದಲೇ ಸುಮಾರು 0.33 ಶೇಕಡಾ ಅಂಶ ಆಚೀಚೆ ಆಗುತ್ತದೆ. 1,000 ಚಿತ್ರಗಳಲ್ಲಿ 90% ಅಂದರೆ ಆಚೀಚೆ 1.9 ಅಂಶ. ಹಾಗಿರುವಾಗ "ನನ್ನ ವಿಧಾನದಿಂದ 0.2 ಏರಿತು" ಅನ್ನುವ ಮಾತಿಗೆ ಅರ್ಥವಿಲ್ಲ. ಐದು ಬೇರೆ ಬೇರೆ ಸೀಡ್ (ಯಾದೃಚ್ಛಿಕ ಆಯ್ಕೆಗಳ ಆರಂಭಿಕ ಸಂಖ್ಯೆ) ಹಾಕಿ ಓಡಿಸಿ, ಸರಾಸರಿ ಮತ್ತು ಹರವು ಎರಡನ್ನೂ ಕೊಡಿ. ಐದಕ್ಕೆ ಸಮಯವಿಲ್ಲದಿದ್ದರೆ ಮೂರಾದರೂ ಇರಲಿ. ಒಂದೇ ಸೀಡ್‌ನ ಅತ್ಯುತ್ತಮ ಅಂಕಿ ಹಿಡಿದುಕೊಂಡು ಬಂದವರನ್ನು ಸಂದರ್ಶನದ ಎರಡನೇ ಪ್ರಶ್ನೆಯಲ್ಲೇ ಗುರುತಿಸುತ್ತಾರೆ.

ಮಲೆನಾಡು_ಮಾಡೆಲ್

ಮೇಲಿನದಕ್ಕೆ ಅರ್ಧ ಒಪ್ಪಿಗೆ. ಅಂಕಿ ಗುರುತಿಸುವ ಪ್ರಾಜೆಕ್ಟನ್ನು ನೋಡಿ ಯಾರೂ ಕರೆಯುವುದಿಲ್ಲ, ಅದು ಅಭ್ಯಾಸಕ್ಕೆ ಮಾತ್ರ. ಈಗ ಲ್ಯಾಬ್‌ಗಳಲ್ಲಿ ನಡೆಯುತ್ತಿರುವುದು ದೊಡ್ಡ ಭಾಷಾ ಮಾಡೆಲ್‌ಗಳ ಕೆಲಸ. 7 ಬಿಲಿಯನ್ ಪ್ಯಾರಾಮೀಟರ್‌ನ (ಅಂದರೆ ಅಷ್ಟು ತೂಕಗಳ) ಮಾಡೆಲ್ ತೆಗೆದುಕೊಂಡು ಕನ್ನಡಕ್ಕೆ ಫೈನ್-ಟ್ಯೂನ್, ಅಂದರೆ ಮರುತರಬೇತಿ, ಮಾಡಿ ತೋರಿಸಿದರೆ ಹೆಚ್ಚು ಬೆಲೆ ಅಲ್ಲವೇ?

ಸರ್ವರ್_ಕೋಣೆ

ಮಾಡಬಹುದು, ಆದರೆ ಮೆಮೊರಿ ಲೆಕ್ಕ ಹಾಕಿಕೊಂಡೇ ಇಳಿಯಿರಿ. 7 ಬಿಲಿಯನ್ ಪ್ಯಾರಾಮೀಟರ್ ಅಂದರೆ 16-ಬಿಟ್‌ನಲ್ಲಿ ತೂಕಗಳಿಗೇ 14 ಜಿಬಿ. ತೂಕಗಳನ್ನು ತಿದ್ದುವ ಆಡಮ್ ವಿಧಾನ ಬಳಸಿ ಪೂರ್ತಿ ತರಬೇತಿ ಮಾಡಿದರೆ ತೂಕ, ಗ್ರೇಡಿಯೆಂಟ್, 32-ಬಿಟ್ ಪ್ರತಿ, ಆಡಮ್‌ನ ಎರಡು ಸ್ಥಿತಿಗಳು, ಎಲ್ಲ ಸೇರಿ ಪ್ಯಾರಾಮೀಟರ್ ಒಂದಕ್ಕೆ 16 ಬೈಟ್. ಅಲ್ಲಿಗೆ 112 ಜಿಬಿ, ಆಕ್ಟಿವೇಶನ್ (ನಡುವಿನ ಪದರಗಳ ಫಲಿತಾಂಶ) ಅದರ ಮೇಲೆ. ಗೂಗಲ್ ಕೊಲ್ಯಾಬ್‌ನ ಉಚಿತ ಟಿ4 ಕಾರ್ಡ್‌ನಲ್ಲಿ ಇರುವುದು 16 ಜಿಬಿ. ಆದ್ದರಿಂದ ತೂಕಗಳನ್ನು 4-ಬಿಟ್‌ಗೆ ಇಳಿಸಿ, ಸುಮಾರು 3.5 ಜಿಬಿ ಆಗುತ್ತದೆ, ಮೇಲೆ ಲೋರಾ ಪದರ (ತರಬೇತಿಗೆ ಒಳಪಡುವ ಸಣ್ಣ ಹೆಚ್ಚುವರಿ ತೂಕಗಳು) ಹಾಕುವುದೊಂದೇ ದಾರಿ. ಟಿ4 ಕಾರ್ಡ್‌ಗೆ ಬಿಎಫ್16 (ಒಂದು 16-ಬಿಟ್ ಸಂಖ್ಯಾ ರೂಪ) ಹಾರ್ಡ್‌ವೇರ್ ಬೆಂಬಲ ಇಲ್ಲ, ಅದು ಎನ್‌ವಿಡಿಯಾದ ಆಂಪಿಯರ್ ತಲೆಮಾರಿನ ಕಾರ್ಡ್‌ಗಳಿಂದ ಬಂದದ್ದು. ಇಂಟರ್ನೆಟ್‌ನಲ್ಲಿ ಸಿಕ್ಕ ಸ್ಕ್ರಿಪ್ಟ್‌ನಲ್ಲಿ ಬಿಎಫ್16 ಅಂತ ಇದ್ದರೆ ಎಫ್‌ಪಿ16ಕ್ಕೆ ಬದಲಿಸಿ, ಲಾಸ್ ಸ್ಕೇಲಿಂಗ್ (ಗ್ರೇಡಿಯೆಂಟ್ ತೀರ ಚಿಕ್ಕದಾಗಿ ಸೊನ್ನೆಯಾಗದಂತೆ ಲಾಸನ್ನು ಹಿಗ್ಗಿಸುವುದು) ಹಾಕಿ. ಎಫ್‌ಪಿ16ರ ವ್ಯಾಪ್ತಿ ಚಿಕ್ಕದು, 65,504 ದಾಟಿದರೆ ಉಕ್ಕಿ ಲಾಸ್ ಇದ್ದಕ್ಕಿದ್ದಂತೆ ನ್ಯಾನ್ (ಸಂಖ್ಯೆಯೇ ಅಲ್ಲದ್ದು) ಆಗುತ್ತದೆ.

ಧ್ವನಿಲಿಪಿ

ಮಾಡೆಲ್ ದೊಡ್ಡದಿರಲಿ ಚಿಕ್ಕದಿರಲಿ, ಕನ್ನಡ ಗೊತ್ತಿರುವ ಇಂಟರ್ನ್‌ಗೆ ಲ್ಯಾಬ್‌ನಲ್ಲಿ ಬೆಲೆ ಬರುವುದು ಡೇಟಾದ ಹತ್ತಿರ. ಕನ್ನಡ ಓದಲು ಬಾರದವರ ಕಣ್ಣಿಗೆ ಬೀಳದ ತಪ್ಪುಗಳು ಅಲ್ಲಿ ರಾಶಿ ಇರುತ್ತವೆ. ಒಂದೊಂದಾಗಿ ಬಿಡಿಸುತ್ತೇನೆ.

"ಕೋ" ಅನ್ನುವ ಅಕ್ಷರ ಪರದೆಯ ಮೇಲೆ ಒಂದೇ ಥರ ಕಾಣುತ್ತದೆ, ಒಳಗೆ ಹಾಗಲ್ಲ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗೆರೆ ಅಂತ ಮೂರು ಸಂಕೇತವಾಗಿಯೂ ಇಡಬಹುದು. ಒಂದು ಫೈಲ್‌ನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ "ಕೋಟಿ" ಮತ್ತು "ಕೋಟಿ" ಕಂಪ್ಯೂಟರ್‌ಗೆ ಬೇರೆ ಬೇರೆ ಪದ. ಎಲ್ಲವನ್ನೂ ಎನ್‌ಎಫ್‌ಸಿ ಸಾಮಾನ್ಯೀಕರಣಕ್ಕೆ (ಒಂದೇ ಅಕ್ಷರಕ್ಕೆ ಒಂದೇ ಸಂಕೇತರೂಪ ಕೊಡುವ ಯೂನಿಕೋಡ್ ನಿಯಮ) ಒಳಪಡಿಸಿದರೆ ಇದು ಸರಿಹೋಗುತ್ತದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಒಂದೇ ಸಾಲಿನ ಕೆಲಸ.

ಎನ್‌ಎಫ್‌ಸಿಗೆ ಬಗ್ಗದ ತೊಂದರೆ ಇನ್ನೆರಡಿವೆ. "ಸಾಫ್ಟ್‌ವೇರ್" ಅಂತ ಬಿಡಿಸಿ ಕಾಣಲು ನಡುವೆ ಅಗಲವೇ ಇಲ್ಲದ ಒಂದು ಗುಪ್ತ ಚಿಹ್ನೆ ಇರುತ್ತದೆ. ಅದನ್ನು ಹಾಕದೆ ಟೈಪ್ ಮಾಡಿದರೆ ವೇ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಮಾತು ಗುರುತಿಸುವ ಮಾಡೆಲ್ ಸರಿಯಾಗಿಯೇ ಕೇಳಿಸಿಕೊಂಡಿದ್ದರೂ ಈ ಚಿಹ್ನೆ ಇಲ್ಲದ್ದಕ್ಕೆ ಪದ ತಪ್ಪು ಅಂತ ಎಣಿಕೆಯಾಗುತ್ತದೆ. ತಪ್ಪು ಎಣಿಸುವ ಮುಂಚೆ ಎರಡೂ ಕಡೆಯಿಂದ ಅದನ್ನು ತೆಗೆದುಬಿಡಿ, ತೆಗೆದಿದ್ದೇವೆ ಅಂತ ವರದಿಯಲ್ಲಿ ಹೇಳಿ. ಇನ್ನೊಂದು, ಸೊನ್ನೆ "೦" ಮತ್ತು ಅನುಸ್ವಾರ "ಂ". ಟೈಪ್ ಮಾಡುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿರುತ್ತಾರೆ. ಅಕ್ಷರದ ಬೆನ್ನಿಗೆ ೦ ಬಂದ ಕಡೆಯೆಲ್ಲ ಹುಡುಕಿ ತಿದ್ದುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಳ್ಳಿ.

ಹಳೆಯ ಪಿಡಿಎಫ್‌ಗಳ ಪಠ್ಯ ಹೊರತೆಗೆದರೆ ಬರೀ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಸಿಗುತ್ತದಲ್ಲ, ಅದು ಯೂನಿಕೋಡ್‌ಗೂ ಹಿಂದಿನ ನುಡಿ, ಬರಹ ಫಾಂಟ್‌ಗಳ ಸಂಕೇತ. ಅದನ್ನು ಪರಿವರ್ತಕಕ್ಕೆ ಕೊಟ್ಟು ಯೂನಿಕೋಡ್‌ಗೆ ತರಬೇಕು. ತಂದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ, ಹೆಚ್ಚಾಗಿ ಕೆಡುವುದು ಅಲ್ಲೇ.

ಟೋಕನ್ (ಮಾಡೆಲ್ ಪಠ್ಯವನ್ನು ಓದುವ ತುಣುಕು) ವಿಚಾರಕ್ಕೆ ಬಂದರೆ, "ನಮಸ್ಕಾರ" ನಮಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಇಂಗ್ಲಿಷ್ ಪಠ್ಯದ ಮೇಲೆ ಕಲಿತ ಬೈಟ್ ಮಟ್ಟದ ಟೋಕನೈಜರ್ ಇದನ್ನು ಚೂರುಚೂರು ಮಾಡುತ್ತದೆ. ಮೇಲೆ ಮಲೆನಾಡು_ಮಾಡೆಲ್ ಹೇಳಿದ ಫೈನ್-ಟ್ಯೂನಿಂಗ್‌ಗೆ ಕೈಹಾಕುವ ಮುಂಚೆ, ಆಯ್ದುಕೊಂಡ ಮಾಡೆಲ್ ಒಂದು ಕನ್ನಡ ಪದಕ್ಕೆ ಸರಾಸರಿ ಎಷ್ಟು ಟೋಕನ್ ಖರ್ಚು ಮಾಡುತ್ತದೆ ಅಂತ 1,000 ವಾಕ್ಯಗಳ ಮೇಲೆ ಅಳೆಯಿರಿ. ಮೂರು ನಾಲ್ಕು ಮಾಡೆಲ್‌ಗಳಿಗೆ ಅಳೆದು ಕೋಷ್ಟಕ ಹಾಕಿದರೆ ಅದೇ ಒಂದು ಒಳ್ಳೆಯ ಸಣ್ಣ ಪ್ರಾಜೆಕ್ಟ್. ಜಿಪಿಯು ಕೂಡ ಬೇಡ.

ತುಂಗಾತೀರ

ಇಷ್ಟು ವಿವರ ನಿರೀಕ್ಷೆ ಇರಲಿಲ್ಲ, ಧನ್ಯವಾದ. ಧ್ವನಿ ಕಡೆಗೆ ಹೋಗುವುದಾದರೆ ಯಾವ ಡೇಟಾ ಹಿಡಿಯಲಿ?

ಧ್ವನಿಲಿಪಿ

ಉಚಿತ ಧ್ವನಿ ಡೇಟಾದ ಓಪನ್‌ಎಸ್‌ಎಲ್‌ಆರ್ ತಾಣದಲ್ಲಿ 79ನೇ ಸಂಖ್ಯೆಯ ಸಂಗ್ರಹ ಕನ್ನಡದ್ದು. ಹಲವು ಗಂಡು-ಹೆಣ್ಣು ದನಿಗಳ ಸ್ವಚ್ಛ ಧ್ವನಿಮುದ್ರಣ. ಅದು ಕೈಗೆ ಹತ್ತಿದ ಮೇಲೆ ವಾಣಿ ನೋಡಿ. ಐಐಎಸ್‌ಸಿ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತಿರುವ ಯೋಜನೆ ಅದು. ಕಲಬುರಗಿಯ ಮಾತಿಗೂ ಮಂಗಳೂರಿನ ಮಾತಿಗೂ ಮಾಡೆಲ್ ಎಷ್ಟು ಬೇರೆಯಾಗಿ ನಡೆದುಕೊಳ್ಳುತ್ತದೆ ಅಂತ ನೋಡಲು ಇಂಥ ಡೇಟಾ ಬೇಕು.

ಮೊದಲ ದಿನವೇ ಎಡವುವ ಜಾಗ ಹೇಳುತ್ತೇನೆ. 79ರ ಧ್ವನಿ ಇರುವುದು 48 ಕಿಲೋಹರ್ಟ್ಸ್‌ನಲ್ಲಿ. ಮಾತು ಗುರುತಿಸುವ ವಿಸ್ಪರ್, ವೇವ್‌ಟುವೆಕ್ ಮಾಡೆಲ್‌ಗಳು ಕೇಳುವುದು 16 ಕಿಲೋಹರ್ಟ್ಸನ್ನು. ಪರಿವರ್ತಿಸದೆ ಕೊಟ್ಟರೆ ಯಾವ ದೋಷದ ಸಂದೇಶವೂ ಬರುವುದಿಲ್ಲ. ಮಾಡೆಲ್‌ಗೆ ಮಾತು ಮೂರು ಪಟ್ಟು ನಿಧಾನವಾಗಿ, ಗಡಸು ದನಿಯಲ್ಲಿ ಕೇಳಿಸಿ, ಹೊರಬರುವ ಪಠ್ಯ ಅರ್ಥವಿಲ್ಲದ್ದಾಗುತ್ತದೆ. ಯಾವ ಫೈಲೇ ಇರಲಿ, ಮಾಡೆಲ್‌ಗೆ ಹೋಗುವ ಕೊನೆಯ ಹಂತದ ಧ್ವನಿಯನ್ನೇ ಮತ್ತೆ ಫೈಲ್‌ಗೆ ಬರೆದು, ಹೆಡ್‌ಫೋನ್ ಹಾಕಿ ಹತ್ತು ವಾಕ್ಯ ಕೇಳಿ.

ಅದಕ್ಕಿಂತ ದೊಡ್ಡ ತಪ್ಪು, ವಾಕ್ಯಗಳನ್ನು ಕಲಸಿ 80-20 ಅಂತ ಹಂಚುವುದು. ಆಗ ಒಬ್ಬರದೇ ದನಿ ತರಬೇತಿಯಲ್ಲೂ ಇರುತ್ತದೆ, ಪರೀಕ್ಷೆಯಲ್ಲೂ ಇರುತ್ತದೆ. ಅಂಕಿ ಚೆಂದ ಬರುತ್ತದೆ, ಹೊಸಬರು ಮಾತಾಡಿದ ಕೂಡಲೇ ಕುಸಿಯುತ್ತದೆ. ಈ ಸಂಗ್ರಹದಲ್ಲಿ ಫೈಲ್ ಹೆಸರಿನಲ್ಲೇ ಮಾತುಗಾರರ ಸಂಖ್ಯೆ ಇದೆ, ಹಂಚಿಕೆ ಅದರ ಮೇಲೆ ಆಗಲಿ. ಒಂದೇ ವಾಕ್ಯವನ್ನು ಇಬ್ಬರು ಓದಿದ್ದರೆ ಅದನ್ನೂ ನೋಡಿಕೊಳ್ಳಿ.

ಕನ್ನಡಕ್ಕೆ ಪದ-ತಪ್ಪಿನ ದರ ಒಂದನ್ನೇ ಕೊಟ್ಟರೆ ಸಾಲದು. "ಬಂದಿದ್ದಾನಂತೆ" ಅನ್ನುವುದನ್ನು ಮಾಡೆಲ್ "ಬಂದಿದ್ದಾನೆ ಅಂತೆ" ಅಂತ ಬರೆದರೆ ಒಂದು ಪದ ತಪ್ಪು, ಒಂದು ಪದ ಹೆಚ್ಚು, ಅಂದರೆ ಒಂದು ಪದಕ್ಕೆ ಎರಡು ತಪ್ಪು. ಕೇಳಿದವರಿಗೆ ಅದು ತಪ್ಪೇ ಅಲ್ಲ. ಅಕ್ಷರ-ತಪ್ಪಿನ ದರವನ್ನು ಪಕ್ಕದಲ್ಲೇ ಕೊಡಿ, ಸಂಧಿಯಿಂದ ಆದ ತಪ್ಪುಗಳನ್ನು ಬೇರೆ ಎಣಿಸಿ.

ಸರ್ವರ್_ಕೋಣೆ

ಟೆಕ್ನಿಕಲ್ ಕೆಲಸದ ಪ್ರಶ್ನೆ ಹಾಗೇ ಉಳಿದಿದೆ. ಅದನ್ನು ಎರಡನೇ ದರ್ಜೆಯ ದಾರಿ ಅಂದುಕೊಳ್ಳಬೇಡಿ. ಒಂದು ಲ್ಯಾಬ್‌ನಲ್ಲಿ ಹದಿನೈದು ಜನ ಒಂದೇ ಯಂತ್ರದ ಮೇಲೆ ಕೂತಿರುವಾಗ ಅದು ನಿಲ್ಲದಂತೆ ನೋಡಿಕೊಳ್ಳುವವರು ಎಲ್ಲರಿಗೂ ಬೇಕಾದವರು.

ಕರೆಂಟಿಂದ ಶುರು ಮಾಡೋಣ. ನಾಲ್ಕು ಆರ್‌ಟಿಎಕ್ಸ್ 4090 ಜಿಪಿಯು ಕಾರ್ಡ್ ಇರುವ ಯಂತ್ರ ಅಂತ ಇಟ್ಟುಕೊಳ್ಳಿ. ಒಂದೊಂದು 450 ವ್ಯಾಟ್, ನಾಲ್ಕಕ್ಕೆ 1,800. ಸಿಪಿಯು, ಫ್ಯಾನ್, ಡಿಸ್ಕ್ ಸೇರಿ ಇನ್ನೊಂದು 500. ಪವರ್ ಸಪ್ಲೈನಲ್ಲಿ ಆಗುವ ನಷ್ಟ ಸೇರಿದರೆ ಗೋಡೆಯಿಂದ ಎಳೆಯುವುದು ಸುಮಾರು 2,500 ವ್ಯಾಟ್. ಮಾಮೂಲಿ 6 ಆಂಪ್ ಪ್ಲಗ್ ತಡೆಯುವುದು 1,380 ವ್ಯಾಟ್ ಅಷ್ಟೇ. 16 ಆಂಪ್ ಸಾಕೆಟ್ 3,680 ತಡೆಯುತ್ತದೆ, ದಿನವಿಡೀ ಓಡುವ ಯಂತ್ರಕ್ಕೆ ಅದರ 80% ಮೀರಬಾರದು, ಅಂದರೆ 2,944. ಹಾಗಾಗಿ ಒಂದು ಯಂತ್ರಕ್ಕೆ ಒಂದು ಪ್ರತ್ಯೇಕ 16 ಆಂಪ್ ಲೈನ್ ಬೇಕು, ಅದರಲ್ಲಿ ಕೆಟಲ್ ಕೂಡ ಹಾಕುವಂತಿಲ್ಲ. 3 ಕೆವಿಎ ಯುಪಿಎಸ್ 0.9 ಪವರ್ ಫ್ಯಾಕ್ಟರ್‌ನಲ್ಲಿ ಕೊಡುವುದು 2,700 ವ್ಯಾಟ್. ಕಾಗದದ ಮೇಲೆ ಸಾಕು ಅನ್ನಿಸುತ್ತದೆ, ಆದರೆ ನಾಲ್ಕೂ ಕಾರ್ಡ್ ಒಟ್ಟಿಗೆ ಜಿಗಿದಾಗ ಟ್ರಿಪ್ ಆಗುತ್ತದೆ. 5 ಕೆವಿಎ ಕೇಳಿ.

ಎಳೆದ ಕರೆಂಟೆಲ್ಲ ಕೋಣೆಯಲ್ಲಿ ಶಾಖವಾಗಿಯೇ ಉಳಿಯುತ್ತದೆ. ಒಂದು ಟನ್ ಎಸಿ ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್, ಈ ಯಂತ್ರಕ್ಕೆ 1.5 ಟನ್ ಇದ್ದರೆ ನೆಮ್ಮದಿ. ಎನ್‌ವಿಡಿಯಾ-ಎಸ್‌ಎಂಐ ಆಜ್ಞೆಯಿಂದ ಕಾರ್ಡ್‌ನ ಮಿತಿಯನ್ನು 450ರಿಂದ 350 ವ್ಯಾಟ್‌ಗೆ ಇಳಿಸಿದರೆ ವೇಗ ಕಡಿಮೆಯಾಗುವುದು ಸ್ವಲ್ಪವೇ, ಶಾಖ ಚೆನ್ನಾಗಿ ತಗ್ಗುತ್ತದೆ. ರೀಬೂಟ್ ಆದರೆ ಈ ಮಿತಿ ಹಾರಿಹೋಗುತ್ತದೆ, ಆದ್ದರಿಂದ ಬೂಟ್ ಆದಾಗಲೆಲ್ಲ ತಾನಾಗಿ ಓಡುವ ಸಿಸ್ಟಮ್‌ಡಿ ಸರ್ವೀಸ್ ಆಗಿ ಬರೆದಿಡಿ.

ವಾರಕ್ಕೊಮ್ಮೆ ಬರುವ ದೂರುಗಳೂ ಇವೆ. "ನಿನ್ನೆ ಓಡುತ್ತಿತ್ತು, ಇವತ್ತು ಜಿಪಿಯುನೇ ಕಾಣ್ತಿಲ್ಲ, ಡ್ರೈವರ್-ಲೈಬ್ರರಿ ಆವೃತ್ತಿ ಹೊಂದಿಲ್ಲ ಅಂತಿದೆ" ಅಂದರೆ ಉಬುಂಟು ರಾತ್ರಿ ತಾನಾಗಿಯೇ ಡ್ರೈವರ್ ಅಪ್‌ಡೇಟ್ ಮಾಡಿದೆ, ಕರ್ನಲ್‌ನಲ್ಲಿ ಹಳೆಯ ಮಾಡ್ಯೂಲ್ ಇನ್ನೂ ಕೂತಿದೆ. ರೀಬೂಟ್ ಮಾಡಿದರೆ ಸರಿಹೋಗುತ್ತದೆ. ಮತ್ತೆ ಆಗದಿರಲು ಎನ್‌ವಿಡಿಯಾ ಪ್ಯಾಕೇಜ್‌ಗಳನ್ನು ಎಪಿಟಿಯಲ್ಲಿ (ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆ) ಹೋಲ್ಡ್ ಮಾಡಿಡಿ. ಡಾಕರ್ ಕಂಟೇನರ್ ಒಳಗೆ ಡೇಟಾ ತುಂಬುವ ಡೇಟಾಲೋಡರ್ "ಬಸ್ ಎರರ್" ಅಂತ ಸತ್ತರೆ ಹಂಚಿಕೆಯ ಮೆಮೊರಿ ಸಾಲದು. ಡಾಕರ್ ತಾನಾಗಿ ಕೊಡುವುದು 64 ಎಂಬಿ ಮಾತ್ರ. ಕಂಟೇನರ್ ಎಬ್ಬಿಸುವಾಗಲೇ 8 ಅಥವಾ 16 ಜಿಬಿ ಕೊಡಿ.

"ಡಿಸ್ಕ್‌ನಲ್ಲಿ 2 ಟಿಬಿ ಖಾಲಿ ಇದೆ, ಆದರೂ ಜಾಗ ಇಲ್ಲ ಅಂತ ಬರ್ತಿದೆ" ಅನ್ನುವುದು ಧ್ವನಿ ಲ್ಯಾಬ್‌ಗಳಲ್ಲಿ ಪದೇಪದೇ ಕಾಣುವ ದೂರು. ಕೋಟಿಗಟ್ಟಲೆ ಸಣ್ಣ ಸಣ್ಣ ಫೈಲ್ ಸುರಿದು ಐನೋಡ್ (ಫೈಲ್‌ಗೊಂದರಂತೆ ಬೇಕಾಗುವ ದಾಖಲೆ) ಮುಗಿದಿರುತ್ತದೆ. ಡಿಎಫ್ ಆಜ್ಞೆಗೆ ಐ ಆಯ್ಕೆ ಕೊಟ್ಟು ನೋಡಿ, 100% ಕಾಣುತ್ತದೆ. ಫೈಲ್‌ಗಳನ್ನು ಒಂದೊಂದು ಜಿಬಿಯ ಟಾರ್ ಕಟ್ಟುಗಳಾಗಿ ಇಟ್ಟರೆ ಇದೂ ತಪ್ಪುತ್ತದೆ, ಓದುವ ವೇಗವೂ ಏರುತ್ತದೆ. ರೇಡ್ (ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಜೋಡಿಸುವುದು) ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ಕೇಳುವವರಿಗೆ: ಯಾರಾದರೂ ತಪ್ಪಿ ಡಿಲೀಟ್ ಒತ್ತಿದರೆ ರೇಡ್ ಎಲ್ಲ ಡಿಸ್ಕ್‌ನಿಂದಲೂ ಒಟ್ಟಿಗೆ ಅಳಿಸುತ್ತದೆ.

ಇದನ್ನೆಲ್ಲ ಮನೆಯಲ್ಲಿ ಕಲಿಯಲು ಹಳೆಯ ಲ್ಯಾಪ್‌ಟಾಪ್ ಎರಡು ಸಾಕು. ಉಬುಂಟು ಸರ್ವರ್ ಹಾಕಿ, ಕೆಲಸಗಳನ್ನು ಸರದಿಯಲ್ಲಿ ಹಂಚುವ ಸ್ಲರ್ಮ್ ಸ್ಥಾಪಿಸಿ, ಇಬ್ಬರು ಬಳಕೆದಾರರನ್ನು ಮಾಡಿ, ಒಬ್ಬರ ಕೆಲಸ ನಡುವೆ ಕಡಿದುಹೋದರೆ ಚೆಕ್‌ಪಾಯಿಂಟ್‌ನಿಂದ (ಉಳಿಸಿಟ್ಟ ಹಂತ) ಮುಂದುವರಿಯುವಂತೆ ಮಾಡಿ ನೋಡಿ. ಜಿಪಿಯು ಇಲ್ಲದೆಯೂ ಸ್ಲರ್ಮ್ ಕಲಿಯಬಹುದು.

ಅರ್ಜಿಯ_ಹಾದಿ

ಎಲ್ಲಿ, ಯಾವಾಗ ಅನ್ನೋದಕ್ಕೆ ಬರ್ತೀನಿ. ಬೇಸಿಗೆಯ ಎರಡು ತಿಂಗಳಿಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ. ಅದರ ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿದುಹೋಗತ್ತೆ, ಫೆಬ್ರವರಿಯಲ್ಲಿ ಹುಡುಕಿದ್ರೆ ಸಿಗಲ್ಲ. ವಿಟಿಯು 2022ರ ಸ್ಕೀಮ್‌ನವರಿಗೆ ಎಂಟನೇ ಸೆಮಿಸ್ಟರ್‌ನಲ್ಲಿ ಉದ್ಯಮ ಅಥವಾ ಸಂಶೋಧನಾ ಇಂಟರ್ನ್‌ಶಿಪ್ ಇದೆ, ಆ ಇಡೀ ಸಮಯವನ್ನು ಒಂದೇ ಲ್ಯಾಬ್‌ಗೆ ಕೊಡೋಕಾಗತ್ತೆ. ಎರಡು ತಿಂಗಳ ಇಂಟರ್ನ್‌ಗಿಂತ ಇಂಥವರನ್ನ ಲ್ಯಾಬ್‌ನವರು ಇಷ್ಟಪಡ್ತಾರೆ, ಯಾಕಂದ್ರೆ ಮೊದಲ ಮೂರು ನಾಲ್ಕು ವಾರ ಕಲಿಯೋದರಲ್ಲೇ ಕಳೆಯತ್ತೆ. ಕಾಲೇಜಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮೊದಲೇ ತೆಗೆದಿಟ್ಕೊಳ್ಳಿ.

ಡಿಗ್ರಿ ಮುಗಿದ ಮೇಲೆ ಐಐಎಸ್‌ಸಿಯ ಸಿಎಸ್‌ಎ (ಕಂಪ್ಯೂಟರ್ ಸೈನ್ಸ್), ಇಇ, ಇಸಿಇ, ಸಿಡಿಎಸ್ (ಕಂಪ್ಯುಟೇಶನಲ್ ಮತ್ತು ಡೇಟಾ ಸೈನ್ಸ್) ವಿಭಾಗಗಳ ಪುಟ ಮತ್ತು ಆಯಾ ಪ್ರಾಧ್ಯಾಪಕರ ಲ್ಯಾಬ್ ಪುಟ ಎರಡನ್ನೂ ನೋಡ್ತಿರಿ. ಪ್ರಾಜೆಕ್ಟ್ ಅಸೋಸಿಯೇಟ್, ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳು ಎಷ್ಟೋ ಸಲ ಲ್ಯಾಬ್ ಪುಟದಲ್ಲಿ ಮಾತ್ರ ಬರತ್ತೆ. ಕಂಪನಿ ಕಡೆ ಬೆಂಗಳೂರಿನಲ್ಲೇ ಮೈಕ್ರೋಸಾಫ್ಟ್ ರಿಸರ್ಚ್ 2005ರಿಂದ ಇದೆ, ಗೂಗಲ್ ರಿಸರ್ಚ್ ಲ್ಯಾಬ್ 2019ರಿಂದ. ಎರಡೂ ಕಡೆ ಪಿಎಚ್‌ಡಿಗೆ ಮುಂಚಿನವರಿಗೆ ಅಂತಲೇ ಹುದ್ದೆ ಇಟ್ಟಿದ್ದಾರೆ, ಪೈಪೋಟಿ ಜೋರು. ಭಾಷೆಯ ಕೆಲಸವೇ ಬೇಕು ಅನ್ನೋರು ಐಐಟಿ ಮದ್ರಾಸ್‌ನ ಎಐ4ಭಾರತ್ ಕಡೆಗೂ ನೋಡಿ. ಸಂವಿಧಾನದ 22 ಭಾಷೆಗಳ ಅನುವಾದಕ್ಕೆ ಇಂಡಿಕ್‌ಟ್ರಾನ್ಸ್2 ಮಾಡಿದ್ದು ಅವರೇ.

ಸಂಬಳದ ವಿಷಯ: ನೆಟ್ ಅಥವಾ ಗೇಟ್ ಮೂಲಕ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆದವರಿಗೆ 2023ರ ಜನವರಿಯಿಂದ ತಿಂಗಳಿಗೆ ₹37,000, ಮೇಲೆ ಮನೆ ಬಾಡಿಗೆ ಭತ್ಯೆ. ಪ್ರಾಜೆಕ್ಟ್ ಹುದ್ದೆಯ ಜಾಹೀರಾತಿನಲ್ಲಿ "ಕನ್ಸಾಲಿಡೇಟೆಡ್" ಅಂತಿದ್ರೆ ಭತ್ಯೆ ಬೇರೆ ಸಿಗಲ್ಲ, ಬರೆದ ಮೊತ್ತ ಅಷ್ಟೇ. ಹಾಗೇ ಇಂಟರ್ನ್‌ಶಿಪ್ ಕೊಡ್ತೀವಿ ಅಂತ ನಿಮ್ಮಿಂದಲೇ ಶುಲ್ಕ ಕೇಳೋ ಜಾಗಕ್ಕೆ ದಯವಿಟ್ಟು ಹೋಗಬೇಡಿ. ಅಲ್ಲಿ ಕೊಡೋ ಕಾಗದಕ್ಕೆ ಯಾವ ಲ್ಯಾಬ್‌ನಲ್ಲೂ ಬೆಲೆ ಇಲ್ಲ.

ಮೇಲ್ ಇಂಗ್ಲಿಷ್‌ನಲ್ಲೇ ಬರೀರಿ, 150 ಪದದೊಳಗೆ. ಸಾರ ಹೀಗಿರಲಿ: "ನಿಮ್ಮ ಇಂಥ ಪೇಪರ್‌ನ ಎರಡನೇ ಕೋಷ್ಟಕವನ್ನು ಸಾರ್ವಜನಿಕ ಡೇಟಾದ ಮೇಲೆ ಮರಳಿ ಓಡಿಸಿದೆ. ನೀವು ಕೊಟ್ಟ ಅಂಕಿ ಇಷ್ಟು, ನನಗೆ ಮೂರು ಸೀಡ್‌ಗಳಲ್ಲಿ ಬಂದದ್ದು ಇಷ್ಟು. ವ್ಯತ್ಯಾಸಕ್ಕೆ ಕಾರಣ ಪಠ್ಯದ ಸಾಮಾನ್ಯೀಕರಣ ಅನ್ನಿಸುತ್ತಿದೆ, ಕೋಡ್ ಇಲ್ಲಿದೆ. ಜನವರಿಯಿಂದ ಮೇ ತನಕ ಪೂರ್ಣಾವಧಿ ಬರಬಲ್ಲೆ." ಇದರ ಜೊತೆ ಒಂದು ಪುಟದ ರೆಸ್ಯೂಮೆ. ಹತ್ತು ದಿನ ಉತ್ತರ ಬರದಿದ್ರೆ ಒಂದೇ ಒಂದು ನೆನಪೋಲೆ. ಪ್ರಾಧ್ಯಾಪಕರ ಜೊತೆಗೆ ಆ ಪೇಪರ್‌ನ ಮೊದಲ ಲೇಖಕರಾದ ವಿದ್ಯಾರ್ಥಿಗೂ ಬರೀರಿ, ಉತ್ತರ ಸಿಗೋದು ಅವರಿಂದಲೇ ಜಾಸ್ತಿ. ಒಂದೇ ವಿಭಾಗದ ಇಪ್ಪತ್ತು ಜನಕ್ಕೆ ಒಂದೇ ಮೇಲ್ ಕಳಿಸಬೇಡಿ. ಅವರು ಊಟಕ್ಕೆ ಒಟ್ಟಿಗೇ ಕೂರ್ತಾರೆ.

ಸೇರಿದ ದಿನವೇ ಮೂರು ವಿಷಯ ಕೇಳಿ ಬರೆದಿಟ್ಕೊಳ್ಳಿ: ಲೇಖಕರ ಪಟ್ಟಿಗೆ ಹೆಸರು ಬರಲು ಎಷ್ಟು ಕೆಲಸ ಆಗಿರಬೇಕು, ಬರೆದ ಕೋಡ್ ಹೊರಗೆ ಹಾಕಬಹುದಾ, ವಾರಕ್ಕೆ ಯಾರ ಜೊತೆ ಎಷ್ಟು ಹೊತ್ತು ಭೇಟಿ. ಆಮೇಲೆ ಕೇಳೋದು ಇಬ್ಬರಿಗೂ ಕಷ್ಟ.

ತುಂಗಾತೀರ

ಕನ್ನಡ-ಎಂನಿಸ್ಟ್ ಇಳಿಸಿಕೊಂಡು ಶುರುವಾಗಿದೆ. ಮೊದಲ ಲಾಸ್ 2.30 ಬಂತು. ಆದರೆ 32 ಚಿತ್ರಗಳ ತಪಾಸಣೆಯಲ್ಲಿ ಲಾಸ್ 1.46ಕ್ಕೆ ಇಳಿದು ಅಲ್ಲೇ ನಿಂತಿದೆ. ನಿಖರತೆ ಮಾತ್ರ 100% ತೋರಿಸುತ್ತಿದೆ. ಲರ್ನಿಂಗ್ ರೇಟ್ ಹತ್ತು ಪಟ್ಟು ಏರಿಸಿದರೂ, ಇಳಿಸಿದರೂ ಅಷ್ಟೇ.

ಮೂರನೇ_ಸೀಡ್

1.461 ತಾನೆ? ಮಾಡೆಲ್‌ನ ಕೊನೆಯ ಪದರದಲ್ಲಿ ಸಾಫ್ಟ್‌ಮ್ಯಾಕ್ಸ್ (ಅಂಕಗಳನ್ನು ಸಂಭವನೀಯತೆಗೆ ಬದಲಿಸುವ ಲೆಕ್ಕ) ಹಾಕಿದ್ದೀರಿ. ಪೈಟಾರ್ಚ್‌ನ ಕ್ರಾಸ್‌ಎಂಟ್ರಪಿಲಾಸ್ ಒಳಗೇ ಇನ್ನೊಂದು ಸಾಫ್ಟ್‌ಮ್ಯಾಕ್ಸ್ ಇದೆ. ಎರಡು ಸಲ ಆದಾಗ, ಮಾಡೆಲ್ ಸರಿ ಉತ್ತರಕ್ಕೆ ಪೂರ್ತಿ 1, ಉಳಿದ ಒಂಬತ್ತಕ್ಕೆ 0 ಕೊಟ್ಟರೂ ಲಾಸ್ ಇ (2.718) ಭಾಗಿಸು (ಇ + 9) ಅನ್ನುವುದರ ಋಣ ಲಾಗರಿದಮ್‌ಗಿಂತ ಕೆಳಗಿಳಿಯಲು ಸಾಧ್ಯವೇ ಇಲ್ಲ. ಹತ್ತು ವರ್ಗಗಳಿಗೆ ಅದು 1.461. ನಿಖರತೆ 100% ಇದ್ದೂ ಲಾಸ್ ನಿಂತಿರುವುದು ಅದಕ್ಕೇ. ಕೊನೆಯ ಸಾಫ್ಟ್‌ಮ್ಯಾಕ್ಸ್ ಸಾಲನ್ನು ತೆಗೆಯಿರಿ, ಕಚ್ಚಾ ಅಂಕಗಳನ್ನೇ ಲಾಸ್‌ಗೆ ಕೊಡಿ. ತೆಗೆದ ಮೇಲೆ ಅದೇ 32 ಚಿತ್ರ, ಅದೇ ಸೀಡ್ ಇಟ್ಟು ಓಡಿಸಿ, ಮುಂಚಿನ ಮತ್ತು ಈಗಿನ ಲಾಸ್ ಗೆರೆ ಎರಡನ್ನೂ ಒಂದೇ ಚಿತ್ರದಲ್ಲಿ ಎಳೆದು ನಿಮ್ಮ ಲಾಗ್ ಪುಸ್ತಕದಲ್ಲಿ ತಾರೀಖಿನ ಸಮೇತ ಇಡಿ. ಪರೀಕ್ಷೆಯ ಚಿತ್ರಗಳನ್ನು ಓಡಿಸುವ ಮುಂಚೆ ಮಾಡೆಲ್ಲನ್ನು ಎವಾಲ್ (ಪರೀಕ್ಷಾ) ಸ್ಥಿತಿಗೆ ತಂದಿದ್ದೀರಾ ಅಂತಲೂ ನೋಡಿ. ತರಬೇತಿಯಲ್ಲಿ ಕೆಲವು ಘಟಕಗಳನ್ನು ಯಾದೃಚ್ಛಿಕವಾಗಿ ಕೈಬಿಡುವ ಡ್ರಾಪ್‌ಔಟ್ ಆನ್ ಆಗಿಯೇ ಉಳಿದರೆ ಅದೇ ಮಾಡೆಲ್, ಅದೇ ಚಿತ್ರಕ್ಕೆ ಪ್ರತಿ ಸಲ ಬೇರೆ ಅಂಕಿ ಬರುತ್ತದೆ.